ತಿಳಿಯಿತು ಎನ್ನುವವಳು

ಆ ಊರಿನ ವಿದ್ಯಾಪೀಠದಲ್ಲಿ ಒಂದು ನಿಯಮವಿತ್ತು. ಹೊರಗಿನವರೊಬ್ಬರು ಬಾಗಿಲಿಗೆ ಬಂದು "ನನಗೆ ತಿಳಿಯದು" ಎಂದು ಹೇಳಿ, ಒಳಗೆ ಬಂದು ಕೂತು, ಕೇಳಿ, "ತಿಳಿಯಿತು" ಎನ್ನುವವರೆಗೆ ಒಳಗಿನವರು ಯಾರೂ ನೀರು ಕುಡಿಯುವಂತಿರಲಿಲ್ಲ.

ಆ ನಿಯಮ ಪೀಠವನ್ನು ಶುರುಮಾಡಿದ ಅಜ್ಜನದು. ಅಜ್ಜನಿಗೆ ಗೋಡೆ ಇರಲಿಲ್ಲ, ಬಾಗಿಲಿರಲಿಲ್ಲ. ಒಂದು ಮಣೆ ಇತ್ತು, ಬಟ್ಟೆ ಮುಚ್ಚಿದ ಒಂದು ಮಡಕೆ ನೀರಿತ್ತು. ಬೆಳಿಗ್ಗೆ ಎದ್ದು ದಾರಿಗೆ ಮುಖ ಮಾಡಿ ಕೂಗುತ್ತಿದ್ದ: "ತಿಳಿಯದವರು ಯಾರಿದ್ದೀರಿ? ಬನ್ನಿ." ಯಾರೋ ಬರುತ್ತಿದ್ದರು. ಬಂದವರನ್ನು ಮಣೆಯ ಮೇಲೆ ಕೂರಿಸಿ ತಾನು ನೆಲದ ಮೇಲೆ ಕೂರುತ್ತಿದ್ದ. ಅವರಿಗೆ ತಿಳಿಯುವವರೆಗೆ ಹೇಳುತ್ತಿದ್ದ. ಕೆಲವರಿಗೆ ಬೇಗ ತಿಳಿಯುತ್ತಿತ್ತು, ಕೆಲವರಿಗೆ ಹೊತ್ತು ಮುಳುಗುತ್ತಿತ್ತು. ಅವರು ತಿಳಿಯಿತು ಎಂದ ಮೇಲೆ ಮಡಕೆಯ ಬಟ್ಟೆ ತೆಗೆದು ಮೊದಲು ಅವರಿಗೆ ಕೊಟ್ಟು ಆಮೇಲೆ ತಾನು ಕುಡಿಯುತ್ತಿದ್ದ. ದೇವರು ಬೇರೆಲ್ಲೂ ಸಿಗುವುದಿಲ್ಲ, ತಿಳಿಯದವನ ಎದುರು ಬಾಯಾರಿ ಕೂತಾಗಲೇ ಸಿಗುತ್ತಾನೆ ಎಂದು ಅವನು ನಂಬಿದ್ದ.

ಅಜ್ಜ ಹೋದ. ಮಣೆಯ ಸುತ್ತ ಗೋಡೆ ಬಂತು. ಗೋಡೆಗೆ ಬಾಗಿಲು ಬಂತು. ಬಾಗಿಲಿಗೆ ಕಾವಲು ಬಂತು. ಮದ್ದು ಕೊಡುವುದನ್ನು ಕಲಿಸುವ ಕಟ್ಟಡ ಎದ್ದಿತು, ನ್ಯಾಯ ಹೇಳುವುದನ್ನು ಕಲಿಸುವ ಕಟ್ಟಡ ಎದ್ದಿತು, ಸೇತುವೆ ಕಟ್ಟುವುದನ್ನು ಕಲಿಸುವ ಕಟ್ಟಡ ಎಲ್ಲಕ್ಕಿಂತ ಎತ್ತರ ಎದ್ದಿತು. ಮಣೆಗೆ ಬೆಳ್ಳಿಯ ತಗಡು ಹೊದಿಸಿದರು. ಮಡಕೆ ಹೋಗಿ ಹಿತ್ತಾಳೆಯ ಹಂಡೆ ಬಂತು. ಹಂಡೆಯ ಮೇಲಿನ ಬಟ್ಟೆ ಮಾತ್ರ ಅಜ್ಜನದೇ ಎಂದು ಹೇಳುತ್ತಿದ್ದರು. ಅಷ್ಟು ವರ್ಷ ಹರಿಯದ ಬಟ್ಟೆ ಯಾವ ಅಂಗಡಿಯದೋ, ಯಾರೂ ಕೇಳಲಿಲ್ಲ.

ನಿಯಮ ಮಾತ್ರ ಬದಲಾಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುತ್ತಿತ್ತು. ಕೂಗುವವನು ಕೂಗುತ್ತಿದ್ದ. ಒಳಗೆ ವಿದ್ಯಾರ್ಥಿಗಳು ಸಾಲುಸಾಲಾಗಿ ಕೂತು ಕಾಯುತ್ತಿದ್ದರು, ಗುರುಗಳು ಬಾಯಿ ಮುಚ್ಚಿ ಕಾಯುತ್ತಿದ್ದರು, ಹಂಡೆ ಬಟ್ಟೆ ಹೊದ್ದು ಕಾಯುತ್ತಿತ್ತು.

ಆದರೆ ಉತ್ತರ ಬರುವುದು ನಿಂತುಹೋಗಿತ್ತು. ಅಷ್ಟು ದೊಡ್ಡ ವಿದ್ಯಾಪೀಠವಿರುವ ಊರಿನಲ್ಲಿ ನಡುಬೀದಿಗೆ ಬಂದು ನನಗೆ ತಿಳಿಯದು ಎನ್ನಲು ಯಾರಿಗೆ ಮುಖವಿದ್ದೀತು? ತಿಳಿಯದಿರುವುದನ್ನು ಊರಿನವರು ತಲೆಯ ಹೇನಿನ ಹಾಗೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ಮನೆಯೊಳಗೆ ಕೂತು ಕೆರೆದುಕೊಳ್ಳುವುದು, ಹೊರಗೆ ಬಂದರೆ ಹೂವು ಮುಡಿದುಕೊಳ್ಳುವುದು. ಒಂದು ಬೇಸಿಗೆಯಲ್ಲಿ ಕೂಗುವವನು ಬೆಳಗಿನಿಂದ ಕೂಗಿದರೂ ಯಾರೂ ಓಗೊಡಲಿಲ್ಲ. ಬಿಸಿಲೇರಿತು. ವಿದ್ಯಾರ್ಥಿಗಳ ನಾಲಿಗೆ ಅಂಟಿತು. ಸೇತುವೆ ಕಟ್ಟುವುದನ್ನು ಕಲಿಯುತ್ತಿದ್ದ ಗಟ್ಟಿ ಹುಡುಗನೇ ಮೊದಲು ತಲೆ ತಿರುಗಿ ಬಿದ್ದ. ಕೊನೆಗೆ ಬೀದಿಯಲ್ಲಿ ತೂರಾಡುತ್ತಿದ್ದ ಕುಡುಕನೊಬ್ಬ, "ನಮ್ಮನೆ ಯಾವ ಕಡೆ ಅಂತ ತಿಳೀತಿಲ್ಲ ಸ್ವಾಮಿ" ಎಂದ. ಅವನನ್ನೇ ಹೊತ್ತು ತಂದು ಬೆಳ್ಳಿಯ ಮಣೆಯ ಮೇಲೆ ಕೂರಿಸಿ, ಪೀಠದ ಪಾಠಗಳ ಮೊದಲ ವಾಕ್ಯವನ್ನು ಅವನ ಕಿವಿಗೆ ಹೇಳಿ, ತಲೆಯನ್ನು ಹಿಡಿದು ಅಲ್ಲಾಡಿಸಿ, ತಿಳಿಯಿತು ಎನ್ನಿಸಿ ನೀರು ಕುಡಿದರು.

ಅದಾದ ಮೇಲೆ ವಿದ್ಯಾಪೀಠ ಉತ್ತರ ಕೊಡಲೆಂದೇ ಒಬ್ಬರನ್ನು ಇಟ್ಟುಕೊಂಡಿತು.

ಈಗ ಆ ಕೆಲಸದಲ್ಲಿದ್ದವಳು ಒಬ್ಬ ಹರೆಯದ ತಾಯಿ. ಅವಳಿಗೆ ಉತ್ತರದವಳು ಎಂದೇ ಹೆಸರಾಗಿತ್ತು. ಗಂಡನೆಂಬುವವನೊಬ್ಬ ಇದ್ದ, ಅವನ ವಿಷಯವನ್ನು ಅವಳೇ ಎತ್ತುತ್ತಿರಲಿಲ್ಲ, ನಾವ್ಯಾಕೆ ಎತ್ತುವುದು. ಇದ್ದವಳು ಒಬ್ಬಳೇ ಮಗಳು. ತಾಯಿಗೆ ಪೀಠದ ಉಗ್ರಾಣದಿಂದ ಅಕ್ಕಿ, ಬೇಳೆ, ಹಬ್ಬಕ್ಕೊಂದು ಸೀರೆ. ಬದಲಿಗೆ ಅವಳು ಬೆಳಿಗ್ಗೆ ಬಾಗಿಲ ಹೊರಗೆ ನಿಲ್ಲಬೇಕು. ಕೂಗು ಬಂದಾಗ "ನಾನಿದ್ದೇನೆ, ನನಗೆ ತಿಳಿಯದು" ಎನ್ನಬೇಕು. ಒಳಗೆ ಹೋಗಿ ಮಣೆಯ ಮೇಲೆ ಕೂರಬೇಕು. ಪೀಠದ ಹಿರಿಯರು ಎತ್ತರದ ಗದ್ದುಗೆಯಿಂದ ಮೊದಲ ವಾಕ್ಯ ಹೇಳುತ್ತಾರೆ. ಅದು ಹಳೆಯ ಮಾತು; ಗಂಟೆ ಬಾರಿಸಿದ ಹಾಗೆ ಶುರುವಾಗಿ ಹಳ್ಳಕ್ಕೆ ಕಲ್ಲು ಉರುಳಿದ ಹಾಗೆ ಮುಗಿಯುತ್ತದೆ. ಮುಗಿದ ಕೂಡಲೇ ತಿಳಿಯಿತು ಎನ್ನಬೇಕು. ಹಿಂದಿನ ಬಾಗಿಲಿನಿಂದ ಹೊರಗೆ ಹೋಗಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಕೂಗುವವನನ್ನು ಕೇಳಿದ್ದಳು, "ಅಣ್ಣಾ, ಅದರ ಅರ್ಥ ಏನು?"

"ಅರ್ಥ ಕೇಳ್ತಾ ಕೂತರೆ ಹೊತ್ತಾಗುತ್ತೆ ಕಣವ್ವ. ಮಕ್ಕಳಿಗೆ ಬಾಯಾರಿಕೆ."

ಅವಳು ಮತ್ತೆ ಕೇಳಲಿಲ್ಲ. ಅವಳಿಗೆ ಇನ್ನೊಂದು ಕಟ್ಟುಪಾಡೂ ಇತ್ತು. ಉತ್ತರದವಳು ಅಕ್ಷರ ಕಲಿಯಬಾರದು. ಅವಳು ಅಂಗಡಿಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದರೆ ಕೂಗುವವನು ಬಾಗಿಲಲ್ಲೇ ತಡೆದು, ಬೆಲ್ಲವನ್ನು ಅವಳ ಸೆರಗಿಗೆ ಸುರಿದು, ಅಚ್ಚಾದ ಕಾಗದವನ್ನು ತಾನು ಇಟ್ಟುಕೊಳ್ಳುತ್ತಿದ್ದ.

"ಇರುವೆ ಮುತ್ತುತ್ತೆ, ಕಾಗದ ಕೊಡು ಅಣ್ಣ."

"ಇರುವೆ ಮುತ್ತಿದ್ರೆ ಕೊಡವಬಹುದು. ಅಕ್ಷರ ಮುತ್ತಿದ್ರೆ ಏನು ಮಾಡ್ತೀಯ?"

"ನಿನಗೆ ಮುತ್ತಿ ಏನಾಗಿದೆ? ಬಾಗಿಲಲ್ಲಿ ನಿಂತು ಬೆಲ್ಲದ ಕಾಗದ ನೆಕ್ತಾ ಇದ್ದೀಯ."

ಕೂಗುವವನು ನಗುತ್ತಿದ್ದ. ಒಳ್ಳೆಯವನೇ. ಒಳ್ಳೆಯವರೇ ಆ ಪೀಠದ ತುಂಬ ಇದ್ದರು, ಅದೇ ತೊಂದರೆಯಾಗಿತ್ತು.

ಮಗಳು ತಾಯಿಯ ಸೆರಗು ಹಿಡಿದು ಬಾಗಿಲವರೆಗೆ ಬರುತ್ತಿದ್ದಳು. ತಾಯಿ ಒಳಗೆ ಹೋದರೆ ಅವಳು ಗೋಡೆ ಬಳಸಿಕೊಂಡು ಹಿಂದಿನ ಬಾಗಿಲಿಗೆ ಓಡುತ್ತಿದ್ದಳು. ಅಲ್ಲಿ ಒಂದು ಕಿಟಕಿ ಇತ್ತು. ಕಿಟಕಿಯ ಸರಳು ಹಿಡಿದು ಒಳಗಿನ ಸಾಲುಗಳನ್ನು ನೋಡುತ್ತಿದ್ದಳು. ವಿದ್ಯಾರ್ಥಿಗಳು ಬಾಯಿ ಆಡಿಸಿದರೆ ಇವಳೂ ಆಡಿಸುತ್ತಿದ್ದಳು. ಅವರು ತಲೆ ತೂಗಿದರೆ ಇವಳೂ ತೂಗುತ್ತಿದ್ದಳು.

ಮನೆಯಲ್ಲಿ ಅವಳಿಗೆ ಒಂದು ಹೊಸ ಮಾತು ಅಂಟಿತು.

"ಒಲೆ ಹತ್ರ ಬರಬೇಡ, ಸುಡುತ್ತೆ."

"ತಿಳಿಯಿತು," ಎಂದು ಮಗಳು ಒಲೆಯ ಹತ್ತಿರ ಬಂದಳು.

"ತಿಳಿಯಿತು ಅಂದೆ, ಮತ್ತೆ ಬಂದೆ. ಏನೇ ತಿಳೀತು ನಿಂಗೆ?"

"ಹಾಗಂದ್ರೆ ನೀನು ಸುಮ್ನಾಗ್ತೀಯ ಅಂತ ತಿಳೀತು."

ತಾಯಿಯ ಕೈಯಲ್ಲಿದ್ದ ಸೌಟು ಎತ್ತಿದಲ್ಲೇ ನಿಂತಿತು. ಹೊಡೆಯೋಣವೆಂದುಕೊಂಡಳು. ಯಾರಿಗೆ ಹೊಡೆಯಬೇಕೆಂದು ಗೊತ್ತಾಗಲಿಲ್ಲ. ಸೌಟನ್ನು ಸಾರಿಗೇ ಇಳಿಸಿ ತಿರುಗಿಸಿದಳು.

ಮರುದಿನ ಅವಳು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಲಿಲ್ಲ. ಹಿರಿಯರ ಕೋಣೆಗೆ ಹೋದಳು. ಹಿರಿಯರು ಬಿಳಿಯ ಗಡ್ಡದ, ತೆಳ್ಳಗಿನ, ಮೆಲ್ಲಗೆ ಮಾತಾಡುವ ಮನುಷ್ಯ. ಅವರ ಮುಂದೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಜೋರಾಗಿ ಮಾತಾಡಿದರೆ ಅವರು ನೊಂದುಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

"ಬುದ್ಧೀ, ನನ್ನ ಮಗಳನ್ನ ಸಾಲಿನಲ್ಲಿ ಕೂರಿಸಿ. ಓದಲಿ."

"ಅವಳು ಕಲಿತುಬಿಟ್ಟರೆ ನಿನ್ನ ನಂತರ ಬಾಗಿಲಲ್ಲಿ ನಿಲ್ಲುವವರು ಯಾರು ತಾಯಿ? ತಿಳಿದವಳು ಬಂದು ತಿಳಿಯದು ಎಂದರೆ ಸುಳ್ಳಾಗುತ್ತದೆ. ಇದು ಸತ್ಯದ ಪೀಠ."

"ನಾನು ದಿನಾ ತಿಳಿಯಿತು ಅಂತೀನಲ್ಲ, ಅದೇನು?"

ಹಿರಿಯರು ಕಿಟಕಿಯ ಕಡೆ ನೋಡಿದರು. ಕಿಟಕಿಯಲ್ಲಿ ಏನೂ ಇರಲಿಲ್ಲ. "ಅದು ವಿಧಿ. ವಿಧಿಯಲ್ಲಿ ಸುಳ್ಳು ನಿಜ ಅಂತ ಇರುವುದಿಲ್ಲ."

"ನಿಮಗೆ ಗೊತ್ತಾ ಬುದ್ಧೀ, ಆ ವಾಕ್ಯದ ಅರ್ಥ?"

ಹಿರಿಯರ ಮುಖ ಕೆಂಪಾಯಿತು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು. "ನನ್ನ ಗುರುಗಳ ಮುಂದೆ ನಾನೂ ತಿಳಿಯಿತು ಎಂದವನೇ," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಮೇಜಿನ ಮೇಲಿದ್ದ ಹೂವನ್ನು ಸರಿಮಾಡತೊಡಗಿದರು, ಅದು ಸರಿಯಾಗಿಯೇ ಇತ್ತು. ಅವಳು ಅಲ್ಲಿ ನಿಲ್ಲಲಾರದೆ ಹೊರಗೆ ಬಂದಳು.

ಹಾಗಿರುವಾಗ ಒಂದು ಬೆಳಿಗ್ಗೆ ಬಾಗಿಲಿಗೆ ಒಬ್ಬ ಬಂದ.

ದೂರದಿಂದ ಬಂದವನು. ಸುಣ್ಣ ಸುಡುವವನು. ತಲೆಗೂದಲು, ಹುಬ್ಬು, ಕಾಲಿನ ಬೆರಳ ಸಂದಿ ಎಲ್ಲ ಬೆಳ್ಳಗಿತ್ತು. ನಡೆದರೆ ಹಿಂದೆ ಬಿಳಿ ಹೆಜ್ಜೆ ಉಳಿಯುತ್ತಿತ್ತು. ಹೀಗೊಂದು ಪೀಠವಿದೆಯಂತೆ, ತಿಳಿಯದವರನ್ನು ಕೂಗಿ ಕರೆಯುತ್ತಾರಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಂದಿದ್ದ. ಅಂಥದ್ದನ್ನು ನಂಬುವವರು ದೂರದಲ್ಲೇ ಇರುತ್ತಾರೆ.

ಬಾಗಿಲು ತೆರೆಯಿತು. ಕೂಗುವವನು ಕೂಗಿದ: "ತಿಳಿಯದವರು ಯಾರಿದ್ದೀರಿ? ಬನ್ನಿ."

"ನಾನಿದ್ದೀನಿ ಸ್ವಾಮಿ," ಎಂದ ಸುಣ್ಣದವನು. "ನನಗೆ ತಿಳೀದು."

ಕೂಗುವವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಂಥ ಉತ್ತರ ಬಂದು ಎಷ್ಟು ಕಾಲವಾಗಿತ್ತೋ. ಅವನು ಉತ್ತರದವಳ ಕಡೆ ನೋಡಿದ. ಉತ್ತರದವಳಿಗೆ ಒಂದು ಕ್ಷಣದಲ್ಲಿ ಎಲ್ಲ ಕಂಡಿತು. ಇವನು ಒಳಗೆ ಹೋದರೆ ನಾಳೆ ಇನ್ನೊಬ್ಬ ಬರುತ್ತಾನೆ. ಇನ್ನೊಬ್ಬ ಬಂದರೆ ತನ್ನ ಅನ್ನ ಹೋಗುತ್ತದೆ. ಅನ್ನ ಹೋದರೆ ಈ ಗೋಡೆಯ ಹತ್ತಿರ ನಿಲ್ಲುವ ನೆಪವೂ ಹೋಗುತ್ತದೆ. ಮಗಳಿಗೆ ಆ ಕಿಟಕಿಯೂ ಇಲ್ಲವಾಗುತ್ತದೆ. ಅವಳು ಎದೆ ತುಂಬ ಉಸಿರು ತೆಗೆದುಕೊಂಡು ಅವನಿಗಿಂತ ಜೋರಾಗಿ ಕೂಗಿದಳು:

"ನಾನಿದ್ದೇನೆ! ನನಗೆ ತಿಳಿಯದು!"

ಸುಣ್ಣದವನು ಬೆಚ್ಚಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಹೋಗು ತಾಯಿ, ನೀನು ಮೊದಲು ಹೋಗು. ಹೆಣ್ಣುಮಗಳು," ಎಂದ.

ಅವಳು ಹೋದಳು. ಮಣೆಯ ಮೇಲೆ ಕೂತಳು. ಕೇಳಿದಳು. ತಿಳಿಯಿತು ಎಂದಳು. ಹಂಡೆಯ ಬಟ್ಟೆ ತೆಗೆದರು. ಹಿಂದಿನ ಬಾಗಿಲಿನಲ್ಲಿ ಮಗಳು ಕಾಯುತ್ತಿದ್ದಳು.

"ಅವ್ವಾ, ಆ ಮಾಮಂಗೆ ನಿಜವಾಗ್ಲೂ ಗೊತ್ತಿಲ್ವಂತೆ. ನೀನ್ಯಾಕೆ ಅವರಿಗಿಂತ ಜೋರಾಗಿ ಕೂಗಿದೆ?"

"ನಡಿ ಮನೆಗೆ."

"ಅವರನ್ನ ಯಾಕೆ ಕರೀಲಿಲ್ಲ?"

"ನಡಿ ಅಂದೆ ತಾನೆ!"

"ತಿಳಿಯಿತು," ಎಂದಳು ಮಗಳು.

ಸುಣ್ಣದವನು ಊರು ಬಿಟ್ಟು ಹೋಗಲಿಲ್ಲ. ಗೋಡೆಯ ನೆರಳಿನಲ್ಲಿ ಕಂಬಳಿ ಹಾಸಿ ಕೂತ. ಬೆಳಿಗ್ಗೆ ಬಾಗಿಲು ತೆರೆಯುತ್ತಿತ್ತು. ಕೂಗುವವನು ಕೂಗುತ್ತಿದ್ದ. ಸುಣ್ಣದವನು ಏಳುವಷ್ಟರಲ್ಲಿ ಉತ್ತರದವಳು ಒಳಗಿರುತ್ತಿದ್ದಳು. ಅವನು ಬೇಗ ಎದ್ದ ದಿನ ಅವಳು ಇನ್ನೂ ಜೋರಾಗಿ ಕೂಗುತ್ತಿದ್ದಳು. ಅವನು ಜಗಳವಾಡಲಿಲ್ಲ. ನಾಳೆ ನನ್ನ ಸರದಿ ಬರಬಹುದು ಎಂದು ಮತ್ತೆ ಕೂರುತ್ತಿದ್ದ. ಅವಳು ಅವನ ಕಡೆ ನೋಡದೆ ಹೋಗುವುದನ್ನು ಕಲಿತಳು. ಅಕ್ಷರ ಕಲಿಯಬಾರದೆಂದಿದ್ದರು; ಇದನ್ನು ಕಲಿಯಬಾರದೆಂದು ಯಾರೂ ಹೇಳಿರಲಿಲ್ಲ.

ಆ ಸಮಯಕ್ಕೆ ಪೀಠಕ್ಕೆ ಸುದ್ದಿ ಬಂತು: ನೋಡುವವರು ಬರುತ್ತಾರೆ.

ನೋಡುವವರು ಎಂದರೆ ಅಜ್ಜನ ಹೆಸರಿನ ಪೀಠಗಳಿಗೆಲ್ಲ ಹೋಗಿ ಇದು ಇನ್ನೂ ಅಜ್ಜನ ಪೀಠವೇ, ಅಥವಾ ಹೆಸರು ಮಾತ್ರ ಅಜ್ಜನದೇ ಎಂದು ನೋಡಿ ಹೇಳುವವರು. ಹೆಸರು ಮಾತ್ರ ಎಂದು ಅವರು ಹೇಳಿದರೆ ಹೆಬ್ಬಾಗಿಲ ಮೇಲಿನಿಂದ ಅಜ್ಜನ ಹೆಸರನ್ನು ಕಿತ್ತುಹಾಕುತ್ತಾರೆ. ಆಮೇಲೆ ಅದು ಹತ್ತು ಶಾಲೆಗಳ ನಡುವೆ ಹನ್ನೊಂದನೆಯದು.

ಪೀಠದಲ್ಲಿ ಗಡಿಬಿಡಿ ಶುರುವಾಯಿತು. ಗೋಡೆಗೆ ಸುಣ್ಣ ಬಳಿದರು. ಬೆಳ್ಳಿಯ ತಗಡು ಕಿತ್ತು ಒಳಗಿನ ಮರ ಕಾಣುವಂತೆ ಮಾಡಿದರು. ಮರ ತೀರ ಹೊಸದಾಗಿ ಕಂಡಿದ್ದರಿಂದ ಅದಕ್ಕೆ ಹೊಗೆ ಹಿಡಿಸಿದರು. ಹಿತ್ತಾಳೆಯ ಹಂಡೆಯನ್ನು ಒಳಗಿಟ್ಟು ಸಂತೆಯಿಂದ ಮಡಕೆ ತಂದರು. ಮತ್ತು ಹಿರಿಯರು ಉತ್ತರದವಳನ್ನು ಕರೆಸಿದರು. ಕೋಣೆಯಲ್ಲಿ ಅವರ ಜೊತೆ ಕೂಗುವವನಿದ್ದ, ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡ ದರ್ಜಿಯಿದ್ದ.

"ತಾಯಿ," ಎಂದರು ಹಿರಿಯರು. "ಆ ದಿನ ನಿನ್ನ ಬದಲು ನಿನ್ನ ಮಗಳು ಉತ್ತರ ಕೊಡಲಿ ಎಂದು ಕೆಲವರು ಹೇಳುತ್ತಿದ್ದಾರೆ. ಮಗು ಎಂದರೆ ನೋಡುವವರ ಮನಸ್ಸು ಕರಗುತ್ತದಂತೆ."

"ದರ್ಜಿ ಯಾಕೆ ಬುದ್ಧೀ?"

ದರ್ಜಿ ಕೆಮ್ಮಿದ. "ಒಂದು ಲಂಗ ಹೊಲಿಬೇಕಂತೆ ಅಕ್ಕ. ಸ್ವಲ್ಪ... ಹರಿದಿರೋ ಹಾಗೆ."

ಅವಳು ಅವನನ್ನೇ ನೋಡಿದಳು. "ಹರಿದಿರೋದನ್ನ ಹೊಲಿಯೋರನ್ನ ಕಂಡಿದ್ದೆ. ಹರಿದ ಹಾಗೇ ಹೊಲಿಯೋನನ್ನ ಇವತ್ತು ಕಂಡೆ. ನಮ್ಮನೇಲಿ ನಿಜವಾಗಿ ಹರಿದದ್ದೇ ಇದೆಯಲ್ಲ, ಅದು ಆಗಲ್ವಾ? ಅದು ನೋಡೋಕೆ ಚೆನ್ನಾಗಿರಲ್ವಾ?"

"ಅದು ಮಾಸಿದೆ ಕಣವ್ವ," ಎಂದ ಕೂಗುವವನು, ಪಾಪ, ಸಹಾಯ ಮಾಡಲು ಹೋಗಿ.

"ಮಾಸಿದೆ! ಬಡತನ ಒಗೆದು ಇಸ್ತ್ರಿ ಮಾಡಿ ತರಬೇಕಾ ನಿಮಗೆ?"

ಹಿರಿಯರು ಕೈಯೆತ್ತಿದರು. ದರ್ಜಿಯೂ ಕೂಗುವವನೂ ಹೊರಗೆ ಹೋದರು. ಹಿರಿಯರು ಕೂತಲ್ಲಿಂದ ಎದ್ದು ಅವಳಿಗೆ ಮುಖ ಕೊಡದೆ ಗೋಡೆಯ ಹತ್ತಿರ ನಿಂತರು.

"ನಿನ್ನ ಮಗಳು ಬೇಡ. ನೀನೇ ಬಾ. ಆ ದಿನ ಒಂದು ಸಲ ಚೆನ್ನಾಗಿ ಹೇಳು. ಅದೇ ದಿನ, ಅದೇ ಹೊತ್ತಿಗೆ ನಿನ್ನ ಮಗಳನ್ನು ಸಾಲಿನಲ್ಲಿ ಕೂರಿಸುತ್ತೇನೆ. ಮುಂದಿನ ಸಾಲಿನಲ್ಲಿ. ಅವಳು ಬಾಗಿಲಲ್ಲಿ ನಿಲ್ಲುವುದು ಬೇಡ. ಎಂದಿಗೂ ಬೇಡ."

"ಹೇಳದೆ ಹೋದರೆ?"

"ಹೇಳದೆ ಹೋದರೆ ನಾನು ಏನೂ ಮಾಡುವುದಿಲ್ಲ. ಮಾಡುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರುವುದಿಲ್ಲ." ಅವರು ಗೋಡೆಯ ಹಸಿ ಸುಣ್ಣವನ್ನು ಬೆರಳಿನಿಂದ ಮುಟ್ಟಿದರು. "ಈ ಕೂಗು ಸುಳ್ಳಾಗಿದೆ ಎಂದು ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಆದರೂ ಕೂಗು ಇದೆಯಲ್ಲ ತಾಯಿ. ನಿಂತುಹೋದರೆ ಮತ್ತೆ ಯಾರೂ ಕೂಗುವುದಿಲ್ಲ. ಇದ್ದರೆ, ಎಂದಾದರೂ ಒಂದು ದಿನ ಯಾರಾದರೂ ನಿಜವಾಗಿ ತಿಳಿಯದವರು ಬಂದಾರು."

ಬಂದಿದ್ದಾನೆ, ಗೋಡೆಯ ಆ ಕಡೆ ಕಂಬಳಿ ಹಾಸಿ ಕೂತಿದ್ದಾನೆ ಎಂದು ಹೇಳಲು ಅವಳ ಬಾಯಿ ತೆರೆಯಿತು. ಮುಂದಿನ ಸಾಲು ಕಣ್ಣಿಗೆ ಬಂತು. ಸಾಲಿನಲ್ಲಿ ಮಗಳು ಕಂಡಳು, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ಪುಸ್ತಕ. ಅವಳ ಬಾಯಿ ಮುಚ್ಚಿತು.

"ಆಗಲಿ ಬುದ್ಧೀ," ಎಂದಳು.

ನೋಡುವವರು ಬಂದ ದಿನ ಹೆಬ್ಬಾಗಿಲಿಗೆ ತೋರಣ ಕಟ್ಟಿದ್ದರು. ನೋಡುವವರು ಒಳಗೆ, ಬಾಗಿಲಿನಿಂದ ಸ್ವಲ್ಪ ದೂರದಲ್ಲಿ ಸಾಲಾಗಿ ಕೂತಿದ್ದರು. ಅವರಿಗೆ ಬಾಗಿಲು ಕಾಣುತ್ತಿತ್ತು, ಬಾಗಿಲ ಪಕ್ಕದ ಗೋಡೆಯ ಹೊರಗಿನ ಮೈ ಕಾಣುತ್ತಿರಲಿಲ್ಲ. ಮಗಳಿಗೆ ತಾಯಿ ತನ್ನ ಹಬ್ಬದ ಸೀರೆಯ ಅಂಚಿನಲ್ಲಿ ಲಂಗ ಹೊಲಿದಿದ್ದಳು. ಹರಿಯದ ಲಂಗ. ಮಗಳು ಆಗಲೇ ಒಳಗೆ, ಗುರುವೊಬ್ಬರ ಕೈ ಹಿಡಿದು ನಿಂತಿದ್ದಳು.

ಬಾಗಿಲು ತೆರೆಯಿತು. ಕೂಗುವವನು ಕೂಗಿದ. ಅಷ್ಟು ಚೆನ್ನಾಗಿ ಅವನು ಎಂದೂ ಕೂಗಿರಲಿಲ್ಲ.

"ತಿಳಿಯದವರು ಯಾರಿದ್ದೀರಿ? ಬನ್ನಿ."

"ನಾನಿದ್ದೇನೆ, ನನಗೆ ತಿಳಿಯದು," ಎಂದಳು ಉತ್ತರದವಳು.

"ನಾನಿದ್ದೀನಿ, ನನಗೆ ತಿಳೀದು," ಎಂದ ಸುಣ್ಣದವನು, ಅದೇ ಉಸಿರಿನಲ್ಲಿ.

ನೋಡುವವರಲ್ಲಿ ದೊಡ್ಡವರು ಕಿವಿ ನಿಮಿರಿಸಿದರು. "ಇಬ್ಬರ ದನಿ ಕೇಳಿಸಿತಲ್ಲ?"

ಕೂಗುವವನು ಹಿರಿಯರ ಕಡೆ ನೋಡಿದ. ಹಿರಿಯರು ಉತ್ತರದವಳ ಕಡೆ ನೋಡಿದರು. ಅವಳು ಹೊಸ್ತಿಲ ಮೇಲಿದ್ದಳು. ಒಂದು ಕಡೆ ಹೊಸ ಲಂಗ ಕಾಣುತ್ತಿತ್ತು, ಇನ್ನೊಂದು ಕಡೆ ಬಿಳಿ ಹುಬ್ಬು ಕಾಣುತ್ತಿತ್ತು.

"ಪ್ರತಿಧ್ವನಿ ಬುದ್ಧೀ," ಎಂದಳು. "ದೊಡ್ಡ ಗೋಡೆ ಅಲ್ವಾ."

ನೋಡುವವರು ನಕ್ಕರು. ಬುದ್ಧಿವಂತೆ ಎಂದರು. ಸುಣ್ಣದವನು ತಿರುಗಿ ಕಂಬಳಿಯ ಕಡೆ ಹೋದ.

ಅವಳು ಹೊಗೆ ಹಿಡಿಸಿದ ಮಣೆಯ ಮೇಲೆ ಕೂತಳು. ಆ ದಿನ ಹಿರಿಯರು ಗದ್ದುಗೆ ಏರಲಿಲ್ಲ. ಅಜ್ಜನ ಹಾಗೆ ನೆಲದ ಮೇಲೆ ಕೂತರು. ತೋರಿಸುವುದಕ್ಕೆಂದೇ ಹಾಗೆ ಕೂತದ್ದು. ಆದರೆ ಹಾಗೆ ಕೂತದ್ದರಿಂದ ಅವರ ಕಣ್ಣು ಮೊದಲ ಸಲ ಅವಳ ಕಣ್ಣಿಗಿಂತ ಕೆಳಗಿತ್ತು. ಅವರು ವಾಕ್ಯ ಹೇಳಿದರು. ಗಂಟೆ ಬಾರಿಸಿತು, ಕಲ್ಲು ಉರುಳಿತು. ಕೊನೆಯ ಮಾತಿನಲ್ಲಿ ಅವರ ದನಿ ಎಡವಿತು. ಅವರು ತಲೆಯೆತ್ತಿ ಅವಳನ್ನು ನೋಡಿದರು. ಇಲ್ಲ ಎಂದುಬಿಡು ಎಂದು ಬೇಡುವ ಹಾಗಿತ್ತು ಆ ನೋಟ. ಅಥವಾ ದಯವಿಟ್ಟು ಇಲ್ಲ ಅನ್ನಬೇಡ ಎಂದು ಬೇಡುವ ಹಾಗಿತ್ತು. ಅಷ್ಟು ಹತ್ತಿರದಿಂದ ಎರಡೂ ಒಂದೇ ಥರ ಕಾಣುತ್ತವೆ.

ಸಾಲುಗಳು ಕಾದವು. ಮಡಕೆ ಬಟ್ಟೆ ಹೊದ್ದು ಕಾಯುತ್ತಿತ್ತು.

"ತಿಳಿಯಿತು," ಎಂದಳು ಅವಳು.

ಚೆನ್ನಾಗಿ ಹೇಳಿದಳು. ಅಷ್ಟು ಚೆನ್ನಾಗಿ ಹೇಳಿದಳೆಂದರೆ ನೋಡುವವರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಹಿರಿಯರು ನೆಲದಿಂದ ಏಳಲು ಕೈ ಊರಿದರು. ಎರಡು ಸಲ ಜಾರಿತು, ಮೂರನೆಯದಕ್ಕೆ ಯಾರೋ ಎತ್ತಿದರು. ಮಡಕೆಯ ಬಟ್ಟೆ ತೆಗೆದರು. ಇದು ಅಜ್ಜನ ಪೀಠವೇ, ಅಜ್ಜ ಇಲ್ಲೇ ಇದ್ದಾನೆ ಎಂದು ದೊಡ್ಡವರು ಎಲ್ಲರಿಗೂ ಕೇಳುವಂತೆ ಹೇಳಿದರು. ಚಪ್ಪಾಳೆ ಬಿತ್ತು. ಕೊಟ್ಟ ಮಾತಿನಂತೆ ಗುರುವೊಬ್ಬರು ಮಗಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂರಿಸಿದರು. ತೊಡೆಯ ಮೇಲೆ ಪುಸ್ತಕ ಇಟ್ಟರು. ಲೋಟದಲ್ಲಿ ನೀರು ಕೊಟ್ಟರು. ಮಗಳು ಲೋಟ ಹಿಡಿದು ಒಂದು ಕ್ಷಣ ಹೆಬ್ಬಾಗಿಲ ಕಡೆ ನೋಡಿದಳು. ಪಕ್ಕದ ವಿದ್ಯಾರ್ಥಿಗಳು ಕುಡಿಯುತ್ತಿದ್ದರು. ಅವಳೂ ಕುಡಿದಳು. ಗಟಗಟನೆ ಕುಡಿದಳು.

ಉತ್ತರದವಳು ಹಿಂದಿನ ಬಾಗಿಲಿನಿಂದ ಹೊರಗೆ ಬಂದಳು.

ಅಲ್ಲಿ ಸುಣ್ಣದವನು ನಿಂತಿದ್ದ. ಗೋಡೆ ಬಳಸಿಕೊಂಡು ಬಂದಿದ್ದ. ಅವಳು ಸೆಟೆದು ನಿಂತಳು. ಬೈಯಲಿ, ತಿರುಗಿಸಿ ಬೈಯೋಣ ಎಂದು ನಾಲಿಗೆಯನ್ನು ಸಜ್ಜು ಮಾಡಿಕೊಂಡಳು. ಅವನು ಕೈಮುಗಿದ.

"ತಿಳೀತು ಅಂದೆಯಲ್ಲ ತಾಯಿ, ಇಲ್ಲೀವರೆಗೂ ಕೇಳಿಸ್ತು. ಒಳ್ಳೇದಾಯ್ತು. ನೀನು ಹೋಗಿದ್ದೇ ಒಳ್ಳೇದಾಯ್ತು, ನಿನಗೆ ಮಗು ಇದೆ. ನಾನು ಒಳಗೆ ಹೋಗಿದ್ರೆ ಅವರ ಮಾತು ನನ್ನ ದಪ್ಪ ತಲೆಗೆ ಹೋಗ್ತಿತ್ತೋ ಇಲ್ಲವೋ. ನೀನು ದಿನಾ ಕೇಳಿದ್ದೀಯ, ದಿನಾ ನಿನಗೆ ತಿಳಿದಿದೆ. ಈಗ ನಿನ್ನ ಬಾಯಿಂದ ನನಗೆ ಹೇಳು."

ಊರಿಗೆಲ್ಲ ಉತ್ತರ ಕೊಡುತ್ತಿದ್ದ ನಾಲಿಗೆ ಬಾಯಿಯಲ್ಲಿ ಒಣಗಿದ ಎಲೆಯ ಹಾಗೆ ಬಿದ್ದಿತ್ತು.

"ಒಂದೇ ಮಾತು ಸಾಕು. ನಾನು ಇಲ್ಲೇ ಕೂರ್ತೀನಿ." ಅವನು ಧೂಳಿನಲ್ಲಿ ಕೂತ. ಅವಳೂ ಅವನೆದುರು ಧೂಳಿನಲ್ಲಿ ಕೂತಳು.

"ಅಣ್ಣ," ಎಂದಳು. "ನಿನಗೆ ಏನು ತಿಳೀದು?"

ಅಷ್ಟು ದಿನದಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. ಅವನು ತನ್ನ ಬಿಳಿ ಅಂಗೈಗಳನ್ನು ನೋಡಿಕೊಂಡ.

"ಸುಟ್ಟ ಕಲ್ಲಿಗೆ ನೀರು ಹಾಕಿ ಸುಣ್ಣ ಅರಳಿಸೋ ಗುಂಡಿ ಇರುತ್ತಲ್ಲ ತಾಯಿ. ಕುದೀತಾ ಇರುತ್ತೆ. ನನ್ನ ಮಗ ಚೆಂಡು ತರೋಕೆ ಹೋಗಿ ಅದರೊಳಗೆ ಬಿದ್ದ. ಗುಂಡಿ ತೋಡಿದೋನು ನಾನು. ನೀರು ಹಾಕಿದೋಳು ಅವನ ತಾಯಿ. ಚೆಂಡು ಕೊಟ್ಟೋನು ಅವನ ಮಾವ. ನಾವು ಮೂರೂ ಜನ ಒಂದೇ ಮನೇಲಿದ್ದೀವಿ, ಒಬ್ಬರ ಮುಖ ಒಬ್ಬರು ನೋಡಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ತಿಳೀತಿಲ್ಲ. ದೇವರ ಮೇಲಾ? ಅದಾದರೂ ಹೇಳಿದರೆ ಮನೆಗೆ ಹೋಗ್ತೀನಿ."

ಒಳಗೆ ಪಾಠ ಶುರುವಾಗಿತ್ತು. ಕಿಟಕಿಯಿಂದ ಗುರುವೊಬ್ಬರ ದನಿ ಕೇಳಿಸಿತು: "ಯಾರದು, ಹೊರಗೆ ಮಣ್ಣಲ್ಲಿ ಕೂತು ಮಾತಾಡುತ್ತಿರುವುದು? ಪಾಠಕ್ಕೆ ತೊಂದರೆ. ಮಗೂ, ನೀನು ಕಿಟಕಿಯ ಹತ್ತಿರ ಇದ್ದೀಯಲ್ಲ, ನೋಡು. ಆ ಹೆಂಗಸು ಯಾರು?"

ಸರಳುಗಳ ನಡುವೆ ಮಗಳ ಮುಖ ಕಂಡಿತು. ಎಣ್ಣೆ ಹಚ್ಚಿ ಬಾಚಿದ ತಲೆ. ಅವಳು ತಾಯಿಯನ್ನು ನೋಡಿದಳು, ತಾಯಿಯ ಸೀರೆಗೆ ಹತ್ತಿದ ಧೂಳನ್ನು ನೋಡಿದಳು, ಎದುರು ಕೂತ ಬಿಳಿ ಮನುಷ್ಯನನ್ನು ನೋಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಗೊತ್ತಿಲ್ಲ," ಎಂದಳು ಮಗಳು. "ಯಾರೋ."

ಗುರು ಕಿಟಕಿಯ ಕಡೆ ಬರುವ ಹೆಜ್ಜೆ ಸಪ್ಪಳ ಕೇಳಿಸಿತು. ತಾಯಿ ಬೇಗ ಬೇಗ ಸೆರಗನ್ನು ತಲೆಯ ಮೇಲಿನಿಂದ ಮುಖ ಮುಚ್ಚುವ ಹಾಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು, ಮಗಳ ಮಾತು ಸುಳ್ಳಾಗಬಾರದೆಂದು.